ಲೇಬಲ್ ಹೊಲಿಯುವ ಮುಂಚೆ

ಚೀಲ ಹೊಲಿಯುವ ಫ್ಯಾಕ್ಟರಿಗಳಿಗೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ನಮ್ಮ ಮನೆಗೆ ಬರುತ್ತಾರೆ. ಗೌರಿಬಿದನೂರಿನ ಬಸ್ ನಿಲ್ದಾಣದಿಂದ ನಮ್ಮ ಮನೆ ದೂರವೇನಿಲ್ಲ, ಕಾಫಿಗೂ ನಾನು ಕೈ ಬಿಗಿ ಮಾಡುವವಳಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಆಂಟಿ, ಕ್ವಾಲಿಟಿ ಸೆಕ್ಷನ್‌ನಲ್ಲಿ ಇಂಟರ್‌ವ್ಯೂಗೆ ಏನೇನ್ ಕೇಳ್ತಾರೆ?" ಎಂದು ಶುರು ಮಾಡುತ್ತಾರೆ. ಇಂಟರ್‌ವ್ಯೂನಲ್ಲಿ ಕೇಳುವುದನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಕೆಲಸಕ್ಕೆ ಸೇರಿದ ಮೇಲೆ ಎದುರಾಗುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಹೆಲ್ಪರ್ ಆಗಿದ್ದೆ, ಯಾವಾಗ ಕ್ವಾಲಿಟಿ ಇನ್‌ಚಾರ್ಜ್ ಆದೆ ಎಂಬ ಪುರಾಣ ಬೇಡ. ಒಬ್ಬ ಹೆಂಗಸಿನ ಕೆಲಸ ಹೋಗುತ್ತದೋ ಉಳಿಯುತ್ತದೋ ಎಂದು ನಾವೆಲ್ಲ ಉಸಿರು ಬಿಗಿ ಹಿಡಿದಿದ್ದ ಒಂದು ಸಂಗತಿಯನ್ನು ಮುಖ್ಯವಾಗಿ ಹೇಳಬೇಕು. ಅದಕ್ಕೂ ಮುಂಚೆ ನಮ್ಮ ಕಸುಬು ಎಂಥದ್ದು ಎಂಬುದು ನಿಮಗೆ ಗೊತ್ತಾಗಬೇಕು.

ಕುಡುಮಲಕುಂಟೆಯ ನಮ್ಮ ಫ್ಯಾಕ್ಟರಿಯಲ್ಲಿ ಮೂರು ಲೈನುಗಳಿದ್ದವು. ಎರಡರಲ್ಲಿ ಸ್ಕೂಲ್ ಬ್ಯಾಗು, ಒಂದರಲ್ಲಿ ಕ್ಯಾಮೆರಾ ಬ್ಯಾಗು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಕಾಲ ಅದು. ರೀಲು ಹಾಕುವ ಕ್ಯಾಮೆರಾಗಳು ಹಿಂದೆ ಸರಿದು ಡಿಜಿಟಲ್ ಬರುತ್ತಿತ್ತು, ಮದುವೆ ಫೋಟೋ ತೆಗೆಯುವವರೆಲ್ಲ ಹೆಗಲಿಗೊಂದು ದಪ್ಪ ಚೀಲ ನೇತುಹಾಕಿಕೊಂಡು ಓಡಾಡುತ್ತಿದ್ದರು. ಸ್ಕೂಲ್ ಬ್ಯಾಗ್ ಹೊಲಿಯುವವರಿಗೆ ನಮ್ಮನ್ನು ಕಂಡರೆ ಸ್ವಲ್ಪ ಹೊಟ್ಟೆಯುರಿ. ನಮ್ಮ ಲೈನಿಗೆ ಫ್ಯಾನು ಜಾಸ್ತಿ, ಬೈಗುಳವೂ ಜಾಸ್ತಿ. ಸ್ಕೂಲ್ ಬ್ಯಾಗಿನ ಪಟ್ಟಿ ಕಿತ್ತುಬಂದರೆ ಪುಸ್ತಕ ಕೆಳಗೆ ಬೀಳುತ್ತದೆ, ಎತ್ತಿಕೊಳ್ಳಬಹುದು. ಕ್ಯಾಮೆರಾ ಬ್ಯಾಗಿನ ಪಟ್ಟಿ ಕಿತ್ತುಬಂದರೆ ಒಬ್ಬ ಮನುಷ್ಯನ ಅನ್ನವೇ ನೆಲಕ್ಕೆ ಬಿದ್ದು ಒಡೆಯುತ್ತದೆ.

ಈ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದವರು ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ನಾರಾಯಣರೆಡ್ಡಿಯವರು. ಚಿಂತಾಮಣಿ ಕಡೆಯವರು. ಮಾತು ಕನ್ನಡದಲ್ಲಿ ಹೊರಟರೂ ಸಿಟ್ಟು ಬಂದರೆ ತೆಲುಗಿನಲ್ಲಿ ಇಳಿಯುತ್ತಿತ್ತು. ಅವರ ಗಂಟಲಿಗೆ ಮೈಕು ಬೇಕಿರಲಿಲ್ಲ. ಹೊಸ ಸ್ಯಾಂಪಲ್ ಚೀಲ ತಯಾರಾದಾಗ ಅವರದೊಂದು ಪದ್ಧತಿ ಇತ್ತು. ತಮ್ಮ ಮನೆಯ ಊಟದ ಕ್ಯಾರಿಯರನ್ನು ಚೀಲದೊಳಗಿಟ್ಟು, ಜಿಪ್ ಎಳೆದು, ಮೆಟ್ಟಿಲ ಮೇಲಿನಿಂದ ಕೆಳಕ್ಕೆ ಬಿಡುತ್ತಿದ್ದರು. ಕೆಳಗೆ ನಿಂತ ನಾನು ಜಿಪ್ ತೆಗೆದು ನೋಡಬೇಕು. ಬಸ್ಸಾರು ಚೆಲ್ಲಿರದಿದ್ದರೆ ಪಾಸು, ಚೆಲ್ಲಿದ್ದರೆ ಫೇಲು. ಫೇಲಾದ ದಿನ ಅವರಿಗೆ ಒಣ ಮುದ್ದೆ. ನಮ್ಮ ಡಬ್ಬಿಗಳಿಂದ ಒಂದೊಂದು ಸೌಟು ಸಾರು ಅವರ ತಟ್ಟೆಗೆ ಹೋಗುತ್ತಿತ್ತು, ಅದನ್ನು ಉಣ್ಣುತ್ತಲೇ ನಮ್ಮನ್ನು ಬೈಯುತ್ತಿದ್ದರು. ಆಮೇಲೆ ಬೀಳಿಸಿ ನೋಡುವುದಕ್ಕೆ, ತೂಕ ನೇತುಹಾಕಿ ಎಳೆಯುವುದಕ್ಕೆ ಮಿಷಿನ್ನುಗಳು ಬಂದವು. ಒಳ್ಳೆಯದೇ ಆಯಿತು. ಆದರೆ ಊಟದ ಹೊತ್ತಿನ ಆ ಗಲಾಟೆ ತಪ್ಪಿದ್ದಕ್ಕೆ ನನಗೆ ಬೇಜಾರಾಗಿದ್ದು ನಿಜ.

ಇನ್ನೊಂದು ಪದ್ಧತಿ ಸೂಜಿಯದು. ಹೊಲಿಯುವಾಗ ಸೂಜಿ ಮುರಿದರೆ ಅದರ ಚೂರು ಪೂರ್ತಿ ಸಿಗುವವರೆಗೂ ಆ ಮಿಷಿನ್ ನಡೆಯುವಂತಿಲ್ಲ. ಚೂರು ಚೀಲದ ಮೆತ್ತೆಯಲ್ಲಿ ಉಳಿದು ಯಾರದೋ ಲೆನ್ಸಿನ ಮೇಲೆ ಗೀರು ಎಳೆದರೆ ಗತಿಯೇನು? ಒಮ್ಮೆ ಮೊನೆಯ ಚೂರು ಸಿಗಲೇ ಇಲ್ಲ. ಅಯಸ್ಕಾಂತ ಹಿಡಿದು ಮೇಜು, ನೆಲ, ಮುಡಿದ ಹೂವು ಎಲ್ಲ ಹುಡುಕಿದೆವು. ರೆಡ್ಡಿಯವರು ಆ ಕಡೆಯಿಂದ ಈ ಕಡೆಗೆ ಓಡಾಡುತ್ತ ಎಲ್ಲರನ್ನೂ ಬೈದದ್ದೇ ಬೈದದ್ದು. ಕೊನೆಗೆ ಅದು ಸಿಕ್ಕಿದ್ದು ಅವರದೇ ಚಪ್ಪಲಿಯ ಅಟ್ಟೆಯಲ್ಲಿ. "ಸರಿ ಸರಿ, ಕೆಲ್ಸ ನೋಡ್ರಮ್ಮ" ಎಂದು ಹೊರಟುಹೋದರು. ಆವತ್ತು ಸಂಜೆಯವರೆಗೂ ಅವರು ನಮ್ಮ ಲೈನಿನ ಕಡೆ ಸುಳಿಯಲಿಲ್ಲ.

ಈಗ ಬ್ರಾಂಡಿನ ವಿಷಯ. ಚಿಕ್ಕಬಳ್ಳಾಪುರದಲ್ಲಿ ನನ್ನ ತಂಗಿಯ ಮಗ ಮಂಜುನಾಥ ಸ್ಟುಡಿಯೋ ಇಟ್ಟಿದ್ದ. ಒಂದು ಸಲ ಅವನ ಮನೆಗೆ ಹೋದಾಗ ಕಪ್ಪು ಚೀಲವೊಂದನ್ನು ದೇವರ ಪಟದ ಪಕ್ಕದಲ್ಲೇ ಇಟ್ಟಿದ್ದ. ನಾನು ಕೈ ಹಾಕಿದೆ.

"ದೊಡ್ಡಮ್ಮ, ಮುಟ್ಬೇಡಿ. ಫಾರಿನ್ದು ಅದು. ಫ್ರೆಂಡ್ ಕೈಲಿ ತರಿಸಿದ್ದು" ಎಂದ.

ನಾನು ಬಿಡುತ್ತೇನೆಯೇ! ಪಟ್ಟಿ ಮಗುಚಿ, ಎಳೆ ಬಿಚ್ಚದಂತೆ ತುದಿ ಸುಟ್ಟಿರುವ ರೀತಿ ನೋಡಿದೆ, ನಮ್ಮ ಲೈನಿನದೇ ಕೈ. ಒಳಜೇಬಿನ ಮೂಲೆಯಲ್ಲಿದ್ದ ಚಿಕ್ಕ ಬಿಳಿ ಚೀಟಿಯನ್ನು ಹೊರಗೆಳೆದು ಅವನ ಮೂಗಿನ ಹತ್ತಿರ ಹಿಡಿದೆ. ಭಾರತದಲ್ಲಿ ತಯಾರಾದದ್ದು ಎಂದು ಅಚ್ಚಾಗಿತ್ತು. ಹುಡುಗನ ಮುಖ ಇಳಿದುಹೋಯಿತು.

"ಹಂಗಾದ್ರೆ ಡೂಪ್ಲಿಕೇಟಾ ದೊಡ್ಡಮ್ಮ?"

"ಒರಿಜಿನಲ್ಲೇ ಕಣೋ. ಒರಿಜಿನಲ್ ಹುಟ್ಟೋದೇ ನಮ್ಮ ಕುಡುಮಲಕುಂಟೇಲಿ."

ಅವನು ನಂಬಲಿಲ್ಲ. ನನ್ನ ತಂಗಿಯೂ ನಂಬಲಿಲ್ಲ. ಸಮುದ್ರ ದಾಟಿಹೋಗಿ ವಾಪಸು ಬಂದ ಚೀಲಕ್ಕೆ ಸಿಗುವ ಮರ್ಯಾದೆ, ಗೌರಿಬಿದನೂರಿನಿಂದ ಬಸ್ಸಿನಲ್ಲಿ ಬಂದ ದೊಡ್ಡಮ್ಮನಿಗೆ ಎಲ್ಲಿ ಸಿಗಬೇಕು!

ಇದಕ್ಕೆ ತದ್ವಿರುದ್ಧವಾದದ್ದು ಮುರುಗಮಲ್ಲದಲ್ಲಿ ನಡೆಯಿತು. ದರ್ಗಾಕ್ಕೆ ಹೋಗಿದ್ದಾಗ ಅಲ್ಲಿನ ಅಂಗಡಿ ಸಾಲಿನಲ್ಲಿ ನಾವು ಹೊಲಿಯುವ ಬ್ರಾಂಡಿನದೇ ಹೆಸರಿದ್ದ ಚೀಲ ತೂಗುತ್ತಿತ್ತು. ಅಂಗಡಿಯವನು, "ತಗೊಳ್ಳಿ ಅಮ್ಮ, ಕಂಪ್ನಿ ಮಾಲು" ಎಂದ. ಕೈಗೆ ತೆಗೆದುಕೊಂಡು ನೋಡಿದೆ. ಮೆತ್ತೆಯ ಬದಲು ರಟ್ಟು, ಅದರ ಮೇಲೆ ತೆಳ್ಳನೆಯ ಸ್ಪಂಜು. ಪಟ್ಟಿಗೆ ಒಂದೇ ಒಂದು ಸಾಲು ಹೊಲಿಗೆ. ಲೇಬಲ್ ಮಾತ್ರ ನಮ್ಮದಕ್ಕಿಂತ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಹೊಸಬರು ಇದನ್ನು ತಿಳಿದಿರಬೇಕು. ಚೀಲದ ಮೇಲಿನ ಹೆಸರು ಯಾವ ಕಾಲದಲ್ಲೋ ಯಾರೋ ಫೋಟೋಗ್ರಾಫರ್ ತನ್ನ ಮನೆಯ ಶೆಡ್ಡಿನಲ್ಲಿ ಚೀಲ ಹೊಲಿದು ಅದಕ್ಕೆ ಇಟ್ಟ ಹೆಸರಾಗಿರುತ್ತದೆ. ಆ ಹೆಸರನ್ನು ಆಮೇಲೆ ಯಾರೋ ಕೊಂಡಿರುತ್ತಾರೆ, ಅವರಿಂದ ಇನ್ನೊಬ್ಬರು ಕೊಂಡಿರುತ್ತಾರೆ. ಹೊಲಿಯುವವರು ನಮ್ಮಂಥವರು. ನಮ್ಮ ಒಂದೇ ಲೈನಿನಲ್ಲಿ ಬೆಳಗ್ಗೆ ಒಂದು ಹೆಸರಿನ ಚೀಲ, ಮಧ್ಯಾಹ್ನದ ಮೇಲೆ ಇನ್ನೊಂದು ಹೆಸರಿನ ಚೀಲ ಓಡಿದ್ದುಂಟು. ಜಿಪ್ಪು ಒಂದು ದೇಶದಿಂದ ಬಂದಿರುತ್ತದೆ, ಬಕಲ್ಲು ಇನ್ನೊಂದು ದೇಶದ್ದು. ಕೊನೆಯ ಹೊಲಿಗೆ ಎಲ್ಲಿ ಬಿತ್ತೋ ಆ ಊರು ಅದರ ಹುಟ್ಟೂರು. ಚೀನಾದ್ದೆಂದರೆ ಕಳಪೆ ಎಂದು ಮೂಗು ಮುರಿಯಬೇಡಿ. ಅಲ್ಲಿಂದ ಹೋಲಿಕೆಗೆಂದು ಬಂದ ಚೀಲಗಳನ್ನು ಬಿಚ್ಚಿ ನೋಡಿದ್ದೇನೆ, ಕೆಲವು ನಮ್ಮನ್ನು ನಾಚಿಸುವಂತಿದ್ದವು. ಹೊಲಿಸಿದವರು ಎಷ್ಟು ಕಾಸು ಕೊಟ್ಟರು, ಎಷ್ಟು ಕಣ್ಣಿಟ್ಟರು ಎನ್ನುವುದರ ಮೇಲೆ ಗುಣ ನಿಲ್ಲುತ್ತದೆ. ನೀವು ನೋಡಬೇಕಾದ್ದು ಪಟ್ಟಿ ಚೀಲಕ್ಕೆ ಸೇರುವ ಜಾಗ. ಅಲ್ಲಿ ಚೌಕದೊಳಗೆ ಅಡ್ಡಗೆರೆ ಎಳೆದಂತೆ ಗಟ್ಟಿ ಹೊಲಿಗೆ ಇರುತ್ತದೆ. ಕ್ಯಾಮೆರಾದ ಜೀವ ಅಲ್ಲಿರುತ್ತದೆ.

ನಾನು ಹೇಳಬೇಕೆಂದ ಸಂಗತಿಯೂ ಆ ಚೌಕದಲ್ಲೇ ಆದದ್ದು.

ಆ ಹೊಲಿಗೆಯ ಮಿಷಿನ್ನಿಗೆ ಹೊಸದಾಗಿ ಬಂದವಳು ಶಮೀಮ್. ಶಿಡ್ಲಘಟ್ಟದವಳು. ಅವಳ ತವರಿನವರದೂ ಗಂಡನ ಮನೆಯವರದೂ ರೇಷ್ಮೆ ನೂಲು ಬಿಚ್ಚುವ ಕಸುಬು. ಚಿಕ್ಕಂದಿನಿಂದ ಗೂಡು, ಬಿಸಿನೀರು, ಎಳೆ ಇವುಗಳ ನಡುವೆಯೇ ಬೆಳೆದವಳು. ಹೊರಗಿನ ರೇಷ್ಮೆ ಅಗ್ಗವಾಗಿ ಬರತೊಡಗಿದ ಮೇಲೆ ಅವರ ಘಟಕ ಮುಚ್ಚಿತು. ಗಂಡನಿಗೆ ವರ್ಷಗಟ್ಟಲೆ ಆ ಉಗಿ ಕುಡಿದು ಉಬ್ಬಸ ಬೇರೆ. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಗೌರಿಬಿದನೂರಿನ ಅಕ್ಕನ ಮನೆಗೆ ಬಂದಿದ್ದಳು. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಅವಳ ಸಂಬಳದಿಂದ. ಕೈ ಎಂದರೆ ಕೈ! ಅವಳಷ್ಟು ನೇರ ಗೆರೆ ಎಳೆಯುವವರು ಲೈನಿನಲ್ಲಿ ಬೇರೆ ಇರಲಿಲ್ಲ. ರೆಡ್ಡಿಯವರೂ ಅವಳನ್ನು ಬೈಯಲು ಕಾರಣ ಸಿಗದೆ ಪೇಚಾಡುತ್ತಿದ್ದರು.

ಅದೇ ಸಮಯಕ್ಕೆ ನಾವು ಹೆಚ್ಚಾಗಿ ಹೊಲಿಯುತ್ತಿದ್ದ ಬ್ರಾಂಡು ಕೈ ಬದಲಾಯಿತು. ಹಳೆಯ ಮಾಲೀಕರು ದೊಡ್ಡ ಕಂಪನಿಯೊಂದಕ್ಕೆ ಹೆಸರನ್ನು ಮಾರಿದರು. ಆ ಕಂಪನಿಗೆ ಬೇರೆ ದೇಶಗಳಲ್ಲಿ ಹೊಲಿಯುವವರು ಮೊದಲೇ ಇದ್ದರು. ಗೌರಿಬಿದನೂರು ಎಂಬ ಊರು ಭೂಪಟದಲ್ಲಿ ಎಲ್ಲಿದೆ ಎಂದು ಅವರು ಹುಡುಕುವ ಮುಂಚೆಯೇ ನಮ್ಮ ಲೈನನ್ನು ಮುಚ್ಚಬಹುದಿತ್ತು. ಆದರೂ ಮೊದಲ ಲಾಟಿನ ಚೀಲಗಳನ್ನು ನೋಡಿ ತೀರ್ಮಾನಿಸುತ್ತೇವೆ ಎಂದರು. ನೋಡಲು ಬರುವವರು, ಕೊಳ್ಳುವ ಕಂಪನಿಗಳ ಪರವಾಗಿ ಮಾಲು ತಪಾಸಣೆ ಮಾಡುವ ಬೆಂಗಳೂರಿನ ಬೈಯಿಂಗ್ ಆಫೀಸಿನ ಜೋಸೆಫ್ ಸಾರ್. ನಗುವುದೇ ಗೊತ್ತಿಲ್ಲದ ಮನುಷ್ಯ. ತಪ್ಪು ಕಂಡರೆ ಮಾತಾಡದೆ ತನ್ನ ದೊಡ್ಡ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆಯುವುದು ಅವರ ಅಭ್ಯಾಸ. ಆ ಕ್ಲಿಕ್ ಸದ್ದು ಕೇಳಿದರೆ ಒಂದು ಚೀಲ ವಾಪಸು ಬಂತೆಂದೇ ಲೆಕ್ಕ.

ಹಳೆಯ ಲೇಬಲ್ ಹಾಕುವಂತಿಲ್ಲ, ಹೊಸದು ಇನ್ನೂ ಬಂದಿಲ್ಲ. ಹಾಗಾಗಿ ಮುಂಭಾಗದ ಲೇಬಲ್ಲಿನ ಜಾಗ ಬಿಟ್ಟು ಉಳಿದದ್ದೆಲ್ಲ ಮುಗಿಸಿದೆವು. ಚೀಲಗಳು ಹೆಸರಿಲ್ಲದೆ ಸಾಲಾಗಿ ಕೂತಿದ್ದವು. ಜೋಸೆಫ್ ಸಾರ್ ಬರುವುದಕ್ಕೆ ಕೆಲವೇ ದಿನವಿದ್ದಾಗ ನಾನು ನಾಲ್ಕಾರು ಚೀಲ ತೆಗೆದು ತೂಕ ನೇತುಹಾಕಿದೆ. ಮೊದಲಿನವು ನಿಂತವು. ಆಮೇಲಿನದರ ಪಟ್ಟಿ ಒಂದು ಪಕ್ಕದಿಂದ ಮೆಲ್ಲಗೆ ಜಾರಿ, ಕಿತ್ತುಬಂದು, ತೂಕ ದಢಾರನೆ ನೆಲಕ್ಕೆ ಬಿತ್ತು. ಲೈನಿನ ಮಿಷಿನ್ನುಗಳೆಲ್ಲ ನಿಂತವು.

ಒಳಬಟ್ಟೆ ಬಿಚ್ಚಿ ನೋಡಿದೆ. ಚೌಕದ ನಡುವೆ, ಹಿಂಬದಿಯಲ್ಲಿ, ಸಾಸಿವೆಗಿಂತ ಸಣ್ಣದೊಂದು ಗಂಟು. ಅಷ್ಟು ಚೆಂದದ ಗಂಟನ್ನು ನಾನು ನೋಡಿರಲಿಲ್ಲ. ಇನ್ನೊಂದು ಚೀಲ ಬಿಚ್ಚಿದೆ, ಅದರಲ್ಲೂ ಇತ್ತು. ತಿರುಗಿ ಶಮೀಮಳ ಮುಖ ನೋಡಿದೆ. ಅವಳಿಗೆ ಏನಾಗಿದೆ ಎಂದೇ ಅರ್ಥವಾಗಿರಲಿಲ್ಲ.

"ಇದ್ಯಾಕೇ ಗಂಟು ಹಾಕಿದ್ದೀಯ?" ಎಂದೆ.

"ದಾರ ಕಿತ್ತೋಯ್ತಲ್ಲ ಅಕ್ಕ, ಸೇರಿಸ್ದೆ. ಕಾಣ್ಸುತ್ತಾ? ಕಾಣಲ್ಲ ಅಲ್ವಾ?"

ನಮ್ಮ ಕೆಲಸದಲ್ಲಿ ಈ ಹೊಲಿಗೆಯ ದಾರ ನಡುವೆ ಕಿತ್ತರೆ ಚೌಕ ಪೂರ್ತಿ ಬಿಚ್ಚಿ ಮೊದಲಿನಿಂದ ಹೊಲಿಯಬೇಕು. ದರ್ಜಿ ಕೆಲಸ ಮಾಡಿ ಬಂದವರಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಆದರೆ ಶಮೀಮ್ ಬೆಳೆದ ಮನೆಯಲ್ಲಿ ಎಳೆ ಕಿತ್ತರೆ ಬಿಚ್ಚಿ ಎಸೆಯುವುದು ಪಾಪ. ಕಿತ್ತದ್ದು ಕಾಣದಂತೆ, ನೂಲು ಒಂದು ಗೇಣೂ ಹಾಳಾಗದಂತೆ ಸೇರಿಸುವ ಹೆಣ್ಣಿಗೆ ಅಲ್ಲಿ ಬೆಲೆ. ಅವಳು ತನಗೆ ಗೊತ್ತಿದ್ದ ಅತ್ಯುತ್ತಮ ಕೆಲಸವನ್ನೇ ಮಾಡಿದ್ದಳು. ರೇಷ್ಮೆಯ ಮೈಯಲ್ಲಿ ಅಂಟು ಇರುತ್ತದೆ, ಹಾಕಿದ ಗಂಟು ಕೂರುತ್ತದೆ. ನೈಲಾನ್ ದಾರ ನುಣುಪು, ಭಾರ ಬಿದ್ದರೆ ಗಂಟು ಜಾರುತ್ತದೆ. ಇದನ್ನು ಹೇಳಿದಾಗ ಅವಳು ಮಿಷಿನ್ ಮುಂದಿನ ಸ್ಟೂಲಿನ ಮೇಲೆ ಕೂತು ಆ ಗಂಟನ್ನು ತಾನೇ ಎಳೆದು ನೋಡಿದಳು. ನನಗೆ ಕೋಪವೂ ಬಂದಿತ್ತು, ಸಂಕಟವೂ ಆಗಿತ್ತು. ಯಾವುದನ್ನು ಮೊದಲು ತೋರಿಸಲಿ ಎಂದು ಗೊತ್ತಾಗಲಿಲ್ಲ.

ರೆಡ್ಡಿಯವರು ಬಂದರು. ಗಂಟು ನೋಡಿದರು. "ಏಮಮ್ಮಾ ಇದಿ! ಏಮಿದಿ!" ಎಂದು ಶುರುವಾದದ್ದು ಆಚೆಯ ಸ್ಕೂಲ್ ಬ್ಯಾಗ್ ಲೈನಿನವರೆಗೂ ಕೇಳಿಸಿತು. ಅವರ ಕೂಗು ಮುಗಿದ ಮೇಲೆ ಸೂಪರ್‌ವೈಸರುಗಳು ತಲೆಗೊಂದು ಸಲಹೆ ಕೊಟ್ಟರು. ಗಂಟು ಒಳಬಟ್ಟೆಯ ಅಡಿಯಲ್ಲಿದೆ, ಜೋಸೆಫ್ ಸಾರ್ ಎಷ್ಟನ್ನು ಎಳೆದು ನೋಡಿಯಾರು, ಒಳ್ಳೆಯವನ್ನೇ ಮುಂದಿಡೋಣ ಎಂದರು. ರೆಡ್ಡಿಯವರು ಕಿತ್ತುಬಂದ ಚೀಲವನ್ನು ಎತ್ತಿ ಅವರ ಮುಂದೆ ಹಿಡಿದರು. ಆಮೇಲೆ ಅಂದರು:

"ಯಾವನೋ ಬಡಪಾಯಿ ಮದುವೆ ಮನೇಲಿ ಇದನ್ನ ಹೆಗಲಿಗೆ ಹಾಕ್ಕೊಂಡು ಓಡಾಡ್ತಾನೆ ಕಣಯ್ಯ. ಅವನ ಮುಂದೆ ಯಾವುದನ್ನ ಇಡ್ತೀಯ? ಎಲ್ಲಾ ಬಿಚ್ಚಿ."

ಎಲ್ಲಾ ಚೀಲಗಳ ಒಳಬಟ್ಟೆ ಬಿಚ್ಚಿದೆವು. ಅಲೀಪುರದಿಂದ ಬರುತ್ತಿದ್ದ ಹೆಂಗಸರು ಭಾನುವಾರವೂ ಬಂದರು. ಯಾರೂ ಶಮೀಮಳಿಗೆ ಒಂದು ಮಾತು ಅನ್ನಲಿಲ್ಲ. ಅನ್ನದಿದ್ದದ್ದೇ ಅವಳಿಗೆ ಹೆಚ್ಚು ನೋವಾಗಿರಬೇಕು. "ಅಕ್ಕ, ನನ್ನ ತೆಗ್ದಾಕ್ತಾರಾ?" ಎಂದು ಒಂದೇ ಸಲ ಕೇಳಿದಳು. ಬಿಚ್ಚಲು ಇನ್ನೊಂದು ಚೀಲವನ್ನು ಅವಳ ಕೈಗಿಟ್ಟೆ. ಚೌಕಗಳನ್ನು ಮತ್ತೆ ಹೊಲಿಯುವ ಕೆಲಸವನ್ನು ಯಾರಿಗೆ ಕೊಡೋಣ ಎಂದು ರೆಡ್ಡಿಯವರನ್ನು ಕೇಳಿದೆ.

"ಅವಳಿಗೇ ಕೊಡಿ."

"ಸಾರ್, ಯೋಚ್ನೆ ಮಾಡಿ."

"ಸುಶೀಲಮ್ಮ, ಇನ್ಮೇಲೆ ಈ ಲೈನಲ್ಲಿ ಯಾರಾದ್ರೂ ಗಂಟು ಹಾಕಬೋದು. ಅವಳು ಮಾತ್ರ ಹಾಕಲ್ಲ. ಅರ್ಥ ಆಯ್ತಾ?"

ಆಯಿತು. ಫ್ಯಾಕ್ಟರಿಯಲ್ಲಿ ಕೊಡುತ್ತಿದ್ದ ನಲವತ್ತು ಪುಟದ ಟ್ರೈನಿಂಗ್ ಪುಸ್ತಕದಲ್ಲಿ ಇಲ್ಲದ ಪಾಠ ಅದು.

ಜೋಸೆಫ್ ಸಾರ್ ಬಂದ ದಿನ ರೆಡ್ಡಿಯವರು ಕಾಫಿಯನ್ನೂ ಕೊಡದೆ ನೇರವಾಗಿ ನಡೆದದ್ದನ್ನು ಹೇಳಿಬಿಟ್ಟರು. ಕಿತ್ತುಬಂದ ಚೀಲವನ್ನೂ ಮುಂದಿಟ್ಟರು. ಜೋಸೆಫ್ ಸಾರ್ ಗಂಟಿನ ಫೋಟೋ ತೆಗೆದರು. ಕ್ಲಿಕ್.

"ಆಪರೇಟರ್ ಯಾರು?"

"ನಮ್ಮೋರೇ ಒಬ್ರು."

"ಕೆಲಸದಿಂದ ತೆಗೆದಿದ್ದೀರಾ? ಹೊಸ ಕಂಪನಿಯವರು ಅದನ್ನೇ ಮೊದಲು ಕೇಳ್ತಾರೆ."

"ತೆಗ್ದಿಲ್ಲ ಸಾರ್. ತಪ್ಪಾಗಿದ್ದು ಅವಳಿಗೆ ಗೊತ್ತಿಲ್ದೆ. ಗೊತ್ತಾದ್ಮೇಲೆ ಎಲ್ಲಾ ಚೀಲದ ಪಟ್ಟಿನೂ ಅವಳೇ ಹೊಲ್ದವ್ಳೆ. ನಿಮಗಿಷ್ಟ ಬಂದಿದ್ದು ಎತ್ಕೊಂಡು ಎಳೀರಿ. ಒಂದು ಕಿತ್ತು ಬಂದ್ರೂ ಅವಳ್ನ ತೆಗೀತೀನಿ. ಅವಳ ಹಿಂದೆ ನಾನೂ ಗೇಟ್ ದಾಟ್ತೀನಿ."

ಇದನ್ನು ಅವರು ಕೂಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಬಾರಿಗೆ ಕೇಳಿದ್ದು ಆವತ್ತು. ಶಮೀಮ್ ತನ್ನ ಮಿಷಿನ್ನಿನ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಜೋಸೆಫ್ ಸಾರ್ ತಾವೇ ಸಾಲಿನ ನಡುವೆ ನಡೆದುಹೋಗಿ ಅಲ್ಲೊಂದು ಇಲ್ಲೊಂದು ಚೀಲ ಎಳೆದು ತಂದರು. ತಳದಲ್ಲಿದ್ದವನ್ನೂ ಬಿಡಲಿಲ್ಲ. ಒಂದೊಂದಾಗಿ ನೇತುಹಾಕಿದರು. ನಿಯಮದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನ ತೂಕ ಹಾಕಿ, ಕೈಯಿಂದ ಜಗ್ಗಿದರು. ಪಟ್ಟಿ ಬಿಗಿದುಕೊಂಡು ಕಿರ್ ಎನ್ನುವಾಗಲೆಲ್ಲ ಲೈನಿನ ಹೆಂಗಸರು ಕಣ್ಣು ಮುಚ್ಚುತ್ತಿದ್ದರು. ಒಂದೂ ಜಾರಲಿಲ್ಲ. ಕೊನೆಯದನ್ನು ಕೆಳಗಿಳಿಸಿ ಅವರು ಒಳಬಟ್ಟೆ ಬಿಚ್ಚಿಸಿ ಚೌಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಫೋಟೋ ತೆಗೆಯಲಿಲ್ಲ.

ಆಮೇಲೆ ಅವರು ಮಾಡಿದ್ದು ನಾವು ಯಾರೂ ನಿರೀಕ್ಷಿಸದೇ ಇದ್ದದ್ದು. ಸಾಲಿನಿಂದ ಮತ್ತೊಂದು ಚೀಲ ಎತ್ತಿಕೊಂಡು, ಮೇಜಿನ ಮೇಲೆ ತಮ್ಮ ಹಳೆಯ ಚೀಲ ತೆರೆದು, ಕ್ಯಾಮೆರಾ, ಲೆನ್ಸು, ಬ್ಯಾಟರಿ ಒಂದೊಂದಾಗಿ ತೆಗೆದು ಇದರಲ್ಲಿ ಜೋಡಿಸತೊಡಗಿದರು.

"ಸಾರ್, ಅದಕ್ಕಿನ್ನೂ ಲೇಬಲ್ ಹೊಲ್ದಿಲ್ಲ" ಎಂದರು ರೆಡ್ಡಿಯವರು.

"ಇರಲಿ ಬಿಡಿ" ಎಂದರು ಜೋಸೆಫ್ ಸಾರ್. ಜಿಪ್ ಎಳೆದು, ಹೆಗಲಿಗೆ ಹಾಕಿಕೊಂಡು ಹೊರಟರು.

ಹೊಸ ಕಂಪನಿಯವರು ನಮ್ಮ ಲೈನನ್ನು ಮುಚ್ಚಲಿಲ್ಲ. ಆ ಬ್ರಾಂಡು ಮುಂದೆ ಇನ್ನೊಮ್ಮೆ ಮಾರಾಟವಾಗಿ, ಅದರ ಕೆಲಸ ಬೇರೆ ದೇಶಕ್ಕೆ ಹೋಯಿತು. ಆ ವೇಳೆಗೆ ನಾನು ನಿವೃತ್ತಳಾಗಿದ್ದೆ. ಯಾವ ದೊಡ್ಡ ಹೆಸರೂ ನಮ್ಮ ಪಾಲಿಗೆ ಶಾಶ್ವತವಾಗಿ ಉಳಿಯುವುದಿಲ್ಲ, ಅದಕ್ಕಾಗಿ ಕೊರಗಬೇಡಿ. ನನಗೆ ಒಳ್ಳೆಯ ಕಸುಬು ಸಿಕ್ಕಿತು, ಬೈಯುವುದೂ ಕಾಪಾಡುವುದೂ ಗೊತ್ತಿದ್ದ ಒಬ್ಬ ಮೇಲಧಿಕಾರಿ ಸಿಕ್ಕಿದರು. ಆ ಋಣವನ್ನು ನೆನೆಯದೆ ನಾನು ಮಲಗುವುದಿಲ್ಲ.

ಆವತ್ತು ಜೋಸೆಫ್ ಸಾರ್ ಅವರ ಕಾರು ಗೇಟು ದಾಟುವವರೆಗೆ ಶಮೀಮ್ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ಅಕ್ಕ, ಬೀಳಲ್ಲ ಅಲ್ವಾ?" ಎಂದಳು.

"ಬೀಳಲ್ಲ ಕಣೇ."

ತನ್ನ ಕೆಲಸ ಉಳಿಯಿತೇ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಹೇಳುವ ಅಧಿಕಾರ ನನಗಿರಲಿಲ್ಲ. ಅಷ್ಟರಲ್ಲಿ ರೆಡ್ಡಿಯವರು ಗೇಟಿನ ಕಡೆಯಿಂದ ಬಂದವರು ಅವಳನ್ನು ಕಂಡು ಅಲ್ಲಿಂದಲೇ ಕೂಗಿದರು.

"ಏಮಮ್ಮಾ ಶಮೀಮ್! ಕಿಟ್ಕಿ ಹಿಡ್ಕೊಂಡು ನಿಂತ್ರೆ ನಾಳೆಯ ಚೀಲ ಯಾರು ಹೊಲೀತಾರೆ, ನಿಮ್ಮಪ್ಪ ಬಂದು ಹೊಲೀತಾನಾ? ಹೋಗು, ಮಿಷಿನ್ ಮುಂದೆ ಕೂತ್ಕೋ!"

ಅವಳು ದುಪ್ಪಟ್ಟದಲ್ಲಿ ಮುಖ ಒರೆಸಿಕೊಂಡು ಓಡಿದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಹೆಣ್ಣುಮಗಳನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.